ಪ್ಯಾಕೆಟ್ ಎಲ್ಲಿ ನಿಂತಿತು? ಸಣ್ಣ ಲಿನಕ್ಸ್ ರೌಟರ್ ಕಟ್ಟುವುದು, ಕೆಟ್ಟಾಗ ಹುಡುಕುವುದು

ನೆಟ್ ಹೋಯಿತು ಅಂದ ತಕ್ಷಣ ಕೈ ಮೊದಲು ಫೈರ್‌ವಾಲ್ ಕಡೆಗೇ ಹೋಗುತ್ತದೆ. ನಾನೂ ಹಾಗೇ ಮಾಡುತ್ತಿದ್ದೆ. ಒಂದು ರೂಲ್ ಅಳಿಸು, ಇನ್ನೊಂದು ಸೇರಿಸು, ರೀಬೂಟ್ ಮಾಡು, ಕೈ ಮುಗಿ. ಒಂದು ಸಲ ಎರಡು ಸಂಜೆ ಹೀಗೆ ಕಳೆದ ಮೇಲೆ ಗೊತ್ತಾಯಿತು, ತಪ್ಪಿದ್ದದ್ದು ಕೇಬಲ್ಲಿನ ತುದಿಯಲ್ಲಿ. ಆ ಕಥೆ ಆಮೇಲೆ ಹೇಳುತ್ತೇನೆ.

ರೌಟರ್ ನೋಡೋಕೆ ಒಂದೇ ಡಬ್ಬಿ. ಆದರೆ ಅದು ಮಾಡುವ ಕೆಲಸ ಒಂದಲ್ಲ. ಹೊರಗಿನ ಲೈನಿನಿಂದ ತನಗೊಂದು ಅಡ್ರೆಸ್ ಪಡೆಯಬೇಕು. ಒಳಗಿನ ಮೊಬೈಲು, ಲ್ಯಾಪ್‌ಟಾಪುಗಳಿಗೆ ಅಡ್ರೆಸ್ ಹಂಚಬೇಕು. ಸೈಟಿನ ಹೆಸರು ಕೇಳಿದರೆ ಅದರ ನಂಬರ್ ಹೇಳಬೇಕು (ಇದು ಡಿಎನ್‌ಎಸ್). ಪ್ಯಾಕೆಟ್‌ಗಳನ್ನು, ಅಂದರೆ ಡೇಟಾದ ಸಣ್ಣ ಸಣ್ಣ ತುಂಡುಗಳನ್ನು, ಈ ಕಡೆಯಿಂದ ಆ ಕಡೆಗೆ ದಾಟಿಸಬೇಕು. ದಾಟಿಸುವಾಗ ಒಳಗಿನ ಅಡ್ರೆಸ್ ತೆಗೆದು ತನ್ನ ಅಡ್ರೆಸ್ ಬರೆಯಬೇಕು (ಇದು ನ್ಯಾಟ್). ಜೊತೆಗೆ ಬಾಗಿಲು ಕಾಯಬೇಕು, ಅದೇ ಫೈರ್‌ವಾಲ್. ಲಿನಕ್ಸಿನಲ್ಲಿ ಈ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಜಾಗದಲ್ಲಿ ಸೆಟ್ಟಿಂಗ್ ಇದೆ. ಹಾಗಾಗಿ ಒಂದೊಂದನ್ನೇ ಕಟ್ಟಿ, ಅದು ಓಡುತ್ತಿದೆ ಅಂತ ನೋಡಿಕೊಂಡೇ ಮುಂದಕ್ಕೆ ಹೋಗಿ. ಮುಂದೆ ಏನಾದರೂ ಕೆಟ್ಟಾಗ ಇದೇ ವರಸೆಯಲ್ಲಿ ಹುಡುಕಿದರೆ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್‌ಗಳನ್ನು, ಫೈಲ್ ಹೆಸರುಗಳನ್ನು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲೇ.

ಯಾವ ಡಬ್ಬಿ, ಯಾವ ಲಿನಕ್ಸ್

ಎರಡು ನೆಟ್‌ವರ್ಕ್ ಪೋರ್ಟ್ ಇರುವ ಯಾವ ಸಣ್ಣ ಕಂಪ್ಯೂಟರ್ ಆದರೂ ಆಗುತ್ತದೆ. 1 ಜಿಬಿ ರ‍್ಯಾಮ್ ಧಾರಾಳ. ಒಂದೇ ಪೋರ್ಟ್ ಇದ್ದರೆ ಯುಎಸ್‌ಬಿ ಅಡಾಪ್ಟರ್ ಹಾಕಬಹುದು, ಆದರೆ ಅದನ್ನು ಯುಎಸ್‌ಬಿ 3 ಪೋರ್ಟಿಗೇ ಸಿಕ್ಕಿಸಿ. ವೈಫೈ ಕೆಲಸವನ್ನು ಈ ಡಬ್ಬಿಗೆ ಹೊರಿಸಬೇಡಿ. ಮೂಲೆಯಲ್ಲಿ ಬಿದ್ದಿರುವ ಹಳೇ ವೈಫೈ ರೌಟರ್ ಅದಕ್ಕೆ ಸಾಕು. ಅದರ ಡಿಎಚ್‌ಸಿಪಿ (ಅಡ್ರೆಸ್ ಹಂಚುವ ಸೇವೆ) ಆಫ್ ಮಾಡಿ, ನಮ್ಮ ಡಬ್ಬಿಯಿಂದ ಬರುವ ಕೇಬಲ್ಲನ್ನು ಅದರ ಲ್ಯಾನ್ (ಒಳಗಿನ) ಪೋರ್ಟಿಗೆ ಹಾಕಿ. ವ್ಯಾನ್ (ಹೊರಗಿನ) ಪೋರ್ಟಿಗೆ ಹಾಕಿದರೆ ಅದು ತಾನೂ ಒಂದು ರೌಟರ್ ಅಂತ ಮೆರೆಯೋಕೆ ಶುರು ಮಾಡುತ್ತದೆ.

ಟೈಪ್ ಮಾಡುವ ಗೋಜೇ ಬೇಡ ಅನ್ನುವವರಿಗೆ ರೌಟರಿಗೆ ಅಂತಲೇ ಮಾಡಿದ ಓಪನ್‌ಡಬ್ಲ್ಯುಆರ್‌ಟಿ ಲಿನಕ್ಸ್ ಇದೆ. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ರೌಟರಿನ ಸೋರ್ಸ್ ಕೋಡ್ ಹೊರಬಂದ ಮೇಲೆ, 2004ರಲ್ಲಿ ಹುಟ್ಟಿದ ಯೋಜನೆ ಅದು. ಬ್ರೌಸರಿನಲ್ಲೇ ಎಲ್ಲ ಮುಗಿಯುತ್ತದೆ. ನಾನು ಇಲ್ಲಿ ಡೆಬಿಯನ್ ಅನ್ನುವ ಲಿನಕ್ಸ್ ಹಿಡಿದಿದ್ದೇನೆ, ಯಾಕೆಂದರೆ ಒಳಗೆ ಏನಾಗುತ್ತಿದೆ ಅಂತ ಕಣ್ಣಿಗೆ ಕಾಣಿಸುತ್ತದೆ. ದೋಷ ಹುಡುಕುವ ಭಾಗ ಎರಡಕ್ಕೂ ಒಂದೇ.

ಪೋರ್ಟುಗಳಿಗೆ ಹೆಸರಿಡಿ

‘ಐಪಿ ಲಿಂಕ್’ ಅಂತ ಹೊಡೆದರೆ ಇಎನ್‌ಪಿ1ಎಸ್0, ಇಎನ್‌ಪಿ2ಎಸ್0 ಅನ್ನುವಂಥ ಹೆಸರುಗಳು ಕಾಣುತ್ತವೆ. ಯಾವುದು ಯಾವ ಕಿಂಡಿ? ‘ಎಥ್‌ಟೂಲ್ -ಪಿ’ ಜೊತೆಗೆ ಪೋರ್ಟಿನ ಹೆಸರು ಕೊಡಿ. ಆ ಪೋರ್ಟಿನ ದೀಪ ಮಿನುಗುತ್ತದೆ. ಎಲ್ಲ ಕಾರ್ಡುಗಳಲ್ಲೂ ಇದು ನಡೆಯಲ್ಲ. ಆಗ ಕೇಬಲ್ ಕಿತ್ತು ಯಾವುದು ಡೌನ್ ಆಯಿತು ಅಂತ ನೋಡಿದರಾಯಿತು.

ಈ ಹೆಸರುಗಳನ್ನು ನಂಬಿ ರೂಲ್ ಬರೆಯಬೇಡಿ. ಡಬ್ಬಿಯೊಳಗೆ ಇನ್ನೊಂದು ಕಾರ್ಡ್ ಸೇರಿಸಿದರೆ ಅವು ಬದಲಾಗಬಹುದು. ಎಟ್ಸಿ ಸಿಸ್ಟಮ್‌ಡಿ ನೆಟ್‌ವರ್ಕ್ ಫೋಲ್ಡರಿನಲ್ಲಿ ಪ್ರತಿ ಪೋರ್ಟಿಗೆ ಒಂದು ‘ಡಾಟ್ ಲಿಂಕ್’ ಫೈಲ್ ಮಾಡಿ. ಅದರಲ್ಲಿ ಪೋರ್ಟಿನ ಮ್ಯಾಕ್ ಅಡ್ರೆಸ್ (ಕಾರ್ಡಿಗೆ ಕಾರ್ಖಾನೆಯಲ್ಲೇ ಕೊಟ್ಟ ನಂಬರ್) ಮತ್ತು ನಿಮಗೆ ಬೇಕಾದ ಹೆಸರು ಬರೆಯಿರಿ. ನಾನು ಹೊರಗಿನದಕ್ಕೆ ವ್ಯಾನ್0, ಒಳಗಿನದಕ್ಕೆ ಲ್ಯಾನ್0 ಅಂತ ಇಡುತ್ತೇನೆ. ಆಮೇಲೆ ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಹೊಡೆದು ರೀಬೂಟ್ ಮಾಡಿ. ಡಬ್ಬಿಯ ಹಿಂದೆ ಒಂದು ಸ್ಟಿಕರ್ ಅಂಟಿಸಿ ಪೆನ್ನಿನಲ್ಲಿ ಅದೇ ಹೆಸರು ಬರೆದಿಡಿ. ರಾತ್ರಿ ಹೊತ್ತು ಟಾರ್ಚ್ ಹಿಡಿದು ಹಿಂದೆ ಬಗ್ಗಿದಾಗ ಅದರ ಬೆಲೆ ಗೊತ್ತಾಗುತ್ತದೆ.

ಅಡ್ರೆಸ್

ಒಳಗಡೆಗೆ 192.168.50.1/24 ಕೊಡೋಣ. /24 ಅಂದರೆ ಮೊದಲ ಮೂರು ಸಂಖ್ಯೆ ಒಳಗಿನವರಿಗೆಲ್ಲ ಒಂದೇ, ಕೊನೆಯದು ಮಾತ್ರ ಬೇರೆ ಬೇರೆ. 192.168.1.1 ಯಾಕೆ ಬೇಡ? ಎದುರಿಗಿರುವ ಮೋಡೆಮ್ ಕೂಡ ಅದನ್ನೇ ಇಟ್ಟುಕೊಂಡಿರುವ ಸಾಧ್ಯತೆ ಜಾಸ್ತಿ. ಎರಡೂ ಕಡೆ ಒಂದೇ ಸಾಲಿನ ಅಡ್ರೆಸ್ ಇದ್ದರೆ ಪ್ಯಾಕೆಟ್ ಯಾವ ಕಡೆಗೆ ಹೋಗಬೇಕು ಅಂತ ಕರ್ನಲ್ಲಿಗೆ, ಅಂದರೆ ಲಿನಕ್ಸಿನ ತಿರುಳಿಗೆ, ತಿಳಿಯಲ್ಲ. ಒಳಗಿನ ಬಳಕೆಗೆ ಅಂತಲೇ 1996ರಲ್ಲಿ ಮೀಸಲಿಟ್ಟ ಸಾಲುಗಳು ಮೂರು: 10ರಿಂದ ಶುರುವಾಗುವುದು ಎಲ್ಲ, 172.16ರಿಂದ 172.31ರವರೆಗೆ, ಮತ್ತು 192.168ರದ್ದು. ಇವುಗಳಲ್ಲಿ ಯಾವುದನ್ನು ಬೇಕಾದರೂ ಆರಿಸಿಕೊಳ್ಳಿ.

ಲ್ಯಾನ್0ಗೆ ಅಡ್ರೆಸ್ ಕೊಡುವಾಗ ಗೇಟ್‌ವೇ (ಹೊರಗೆ ಹೋಗುವ ದಾರಿಯ ಅಡ್ರೆಸ್) ಕೊಡಬೇಡಿ. ಫಾರ್ಮಿನಲ್ಲಿ ಖಾಲಿ ಜಾಗ ಕಂಡರೆ ತುಂಬುವ ಚಟ ನಮಗೆಲ್ಲ ಇದೆ. ಇಲ್ಲಿ ತುಂಬಿದರೆ ಎರಡು ಡೀಫಾಲ್ಟ್ ದಾರಿಗಳಾಗುತ್ತವೆ. ‘ಐಪಿ ರೂಟ್’ ಹೊಡೆದಾಗ ಡೀಫಾಲ್ಟ್ ಅನ್ನುವ ಸಾಲು ಒಂದೇ ಇರಬೇಕು, ಅದೂ ಹೊರಗಿನ ಕಡೆಗೆ. ಇನ್ನೊಂದು ಎಚ್ಚರ: ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ, ನೆಟ್‌ವರ್ಕ್‌ಮ್ಯಾನೇಜರ್, ಹಳೇ ಇಂಟರ್‌ಫೇಸಸ್ ಫೈಲ್, ಪೋರ್ಟುಗಳಿಗೆ ಅಡ್ರೆಸ್ ಹಾಕುವ ಈ ಮೂರರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಒಂದು ಪೋರ್ಟಿಗೆ ಇಬ್ಬರು ಯಜಮಾನರಾದರೆ ರೀಬೂಟ್ ಆದಾಗಲೆಲ್ಲ ಹೊಸ ಆಟ.

ವ್ಯಾನ್0 ಕಡೆ ಡಿಎಚ್‌ಸಿಪಿ ಇದ್ದರೆ ಸುಲಭ. ಪಿಪಿಪಿಒಇ (ಲಾಗಿನ್ ಆದರೆ ಮಾತ್ರ ನೆಟ್ ಕೊಡುವ ಲೈನ್) ಇದ್ದರೆ ಯೂಸರ್‌ನೇಮ್, ಪಾಸ್‌ವರ್ಡ್ ಬೇಕು. ಆಗ ಪಿಪಿಪಿ0 ಅನ್ನುವ ಹೊಸ ಇಂಟರ್‌ಫೇಸ್ ಹುಟ್ಟುತ್ತದೆ. ಇದನ್ನು ನೆನಪಿಡಿ: ನಿಜವಾದ ಹೊರಬಾಗಿಲು ಆಗ ಪಿಪಿಪಿ0, ವ್ಯಾನ್0 ಅಲ್ಲ. ಮುಂದೆ ಬರುವ ರೂಲುಗಳಲ್ಲೆಲ್ಲ ವ್ಯಾನ್0 ಅಂತ ಇರುವ ಕಡೆ ಪಿಪಿಪಿ0 ಹಾಕಬೇಕು.

ಅಡ್ರೆಸ್ ಬಂದ ಮೇಲೆ ಅದನ್ನು ಒಮ್ಮೆ ಓದಿ. 192.168 ಅಂತಲೋ 10 ಅಂತಲೋ ಶುರುವಾದರೆ ಎದುರಿನ ಮೋಡೆಮ್ ಆಗಲೇ ರೌಟರ್ ಕೆಲಸ ಮಾಡುತ್ತಿರಬಹುದು. ಅದನ್ನು ಬ್ರಿಡ್ಜ್ ಮೋಡಿಗೆ ಹಾಕಿ, ಆಗ ಅದು ರೌಟರ್ ಕೆಲಸ ಬಿಟ್ಟು ಬರೀ ದಾಟಿಸುತ್ತದೆ. ನೋಡುವುದು ಓದುವುದಕ್ಕೆ ಎರಡು ಸಲ ಅಡ್ರೆಸ್ ಬದಲಾದರೂ ತೊಂದರೆ ಇಲ್ಲ, ಹೊರಗಿನಿಂದ ಒಳಗೆ ಬರಬೇಕಾದಾಗ ಮಾತ್ರ ಗೋಳು. 100.64ರಿಂದ 100.127ರ ನಡುವೆ ಇದ್ದರೆ ನೆಟ್ ಕೊಡುವವರೇ ಅಡ್ರೆಸ್ಸನ್ನು ಹಲವರಿಗೆ ಹಂಚಿದ್ದಾರೆ ಅಂತ ಅರ್ಥ. ಆಗ ನಮ್ಮ ರೌಟರಿನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಒಳಗಿನ ಉಪಕರಣಕ್ಕೆ ಕಳಿಸುವ ರೂಲ್) ಬರೆದರೂ ಹೊರಗಿನವರು ಒಳಗೆ ಬರಲಾರರು.

ಅಡ್ರೆಸ್ಸೇ ಬರುತ್ತಿಲ್ಲವಾ? ಕೆಲವು ಮೋಡೆಮ್‌ಗಳು ಮೊದಲು ಸಿಕ್ಕಿಸಿದ ಉಪಕರಣದ ಮ್ಯಾಕ್ ಅಡ್ರೆಸ್ಸನ್ನು ನೆನಪಿಟ್ಟುಕೊಂಡು ಹೊಸಬರನ್ನು ಮಾತಾಡಿಸುವುದೇ ಇಲ್ಲ. ಮೋಡೆಮ್ ಪವರ್ ಕಿತ್ತು, ಕೆಲವು ನಿಮಿಷ ಬಿಟ್ಟು ಹಾಕಿ.

ರೌಟರಿನಿಂದಲೇ ‘ಪಿಂಗ್ 9.9.9.9’ ಹೊಡೆಯಿರಿ. ಪಿಂಗ್ ಅಂದರೆ ‘ಇದ್ದೀಯಾ?’ ಅಂತ ಕೇಳುವ ಪ್ಯಾಕೆಟ್, 9.9.9.9 ಹೊರಗಿನ ಒಂದು ಸಾರ್ವಜನಿಕ ಡಿಎನ್‌ಎಸ್ ಸರ್ವರ್. ಉತ್ತರ ಬರುವ ತನಕ ಮುಂದಿನ ಹೆಜ್ಜೆ ಇಡಬೇಡಿ.

ಒಳಗಿನವರಿಗೆ ಅಡ್ರೆಸ್ ಮತ್ತು ಹೆಸರು

ಡಿಎನ್‌ಎಸ್‌ಮಾಸ್ಕ್ ಅನ್ನುವ ಪುಟ್ಟ ಪ್ರೋಗ್ರಾಮ್ ಈ ಎರಡೂ ಕೆಲಸ ಮಾಡುತ್ತದೆ. ಅದರ ಫೈಲಿನಲ್ಲಿ ನಾಲ್ಕೈದು ಸಾಲು ಸಾಕು. ಇಂಟರ್‌ಫೇಸ್ ಲ್ಯಾನ್0. ಅಡ್ರೆಸ್ ಹಂಚಲು 192.168.50.100ರಿಂದ 200ರವರೆಗೆ, ಅವಧಿ 12 ಗಂಟೆ. ಹೆಸರು ಕೇಳಲು ಮೇಲಿನ ಸರ್ವರ್ 9.9.9.9. ಪ್ರಿಂಟರ್, ಕ್ಯಾಮೆರಾ ಥರದವಕ್ಕೆ ‘ಡಿಎಚ್‌ಸಿಪಿ-ಹೋಸ್ಟ್’ ಸಾಲಿನಲ್ಲಿ ಮ್ಯಾಕ್ ಬರೆದು 100ರ ಕೆಳಗಿನ ಕಾಯಂ ಅಡ್ರೆಸ್ ಕೊಡಿ.

ಇನ್ನೊಂದು ಸಾಲು ‘ಬೈಂಡ್-ಡೈನಾಮಿಕ್’. ಇದನ್ನು ಬಿಡಬೇಡಿ. ಬಹಳಷ್ಟು ಕಡೆ ‘ಬೈಂಡ್-ಇಂಟರ್‌ಫೇಸಸ್’ ಅಂತ ಬರೆದಿರುತ್ತಾರೆ. ಅದರ ತೊಂದರೆ ಏನೆಂದರೆ, ಬೂಟ್ ಆಗುವಾಗ ಲ್ಯಾನ್0 ಏಳುವ ಮೊದಲೇ ಡಿಎನ್‌ಎಸ್‌ಮಾಸ್ಕ್ ಎದ್ದರೆ ಅದು ಎರರ್ ಹೇಳಿ ಮಲಗಿಬಿಡುತ್ತದೆ. ಕೈಯಿಂದ ಎಬ್ಬಿಸಿದರೆ ಸರಿಯಾಗೇ ಓಡುತ್ತದೆ. ಹಾಗಾಗಿ ಕರೆಂಟ್ ಹೋಗಿ ಬಂದಾಗ ಮಾತ್ರ ಕಾಡುವ ಕಾಯಿಲೆ ಇದು.

ಉಬುಂಟು ಬಳಸಿದರೆ ‘ಅಡ್ರೆಸ್ ಆಲ್‌ರೆಡಿ ಇನ್ ಯೂಸ್’ ಅನ್ನುವ ಎರರ್ ಸಿಗಬಹುದು. ಅಲ್ಲಿ ಹೆಸರು ಹುಡುಕುವ ಸಿಸ್ಟಮ್‌ಡಿ-ರಿಸಾಲ್ವ್‌ಡಿ ಆಗಲೇ 127.0.0.53ರಲ್ಲಿ 53ನೇ ಪೋರ್ಟ್ (ಇಲ್ಲಿ ಪೋರ್ಟ್ ಅಂದರೆ ಕೇಬಲ್ಲಿನ ಕಿಂಡಿಯಲ್ಲ, ಒಂದೊಂದು ಸೇವೆಯ ನಂಬರ್) ಹಿಡಿದು ಕೂತಿರುತ್ತದೆ. ಬೈಂಡ್-ಡೈನಾಮಿಕ್ ಇದ್ದರೆ ಸಾಮಾನ್ಯವಾಗಿ ಜಗಳ ಆಗಲ್ಲ. ಜಗಳ ಆದರೆ ರಿಸಾಲ್ವ್‌ಡಿಯ ಸೆಟ್ಟಿಂಗಿನಲ್ಲಿ ‘ಡಿಎನ್‌ಎಸ್‌ಸ್ಟಬ್‌ಲಿಸನರ್’ ಅನ್ನು ನೋ ಮಾಡಿ.

ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿ. 192.168.50 ಸಾಲಿನ ಅಡ್ರೆಸ್ ಬಂದರೆ ಈ ಹೆಜ್ಜೆ ಮುಗಿಯಿತು. 169.254ರಿಂದ ಶುರುವಾಗುವ ಅಡ್ರೆಸ್ ಬಂದರೆ, ಲ್ಯಾಪ್‌ಟಾಪ್ ಕೇಳಿ ಕೇಳಿ ಸುಸ್ತಾಗಿ ತಾನೇ ಒಂದು ಇಟ್ಟುಕೊಂಡಿದೆ ಅಂತ.

ಕಾವಲು

ಪ್ಯಾಕೆಟ್ ದಾಟಿಸುವ ಮೊದಲೇ ಕಾವಲು ಇರಲಿ. ಲಿನಕ್ಸಿನ ಫೈರ್‌ವಾಲ್ ಆಗಿ ಐಪಿಟೇಬಲ್ಸ್ ಬಹಳ ವರ್ಷ ಆಳಿತು. 2001ರ 2.4 ಕರ್ನಲ್ಲಿನ ಜೊತೆ ಬಂದದ್ದು. ಅದರ ಜಾಗಕ್ಕೆ ಬಂದದ್ದು ಎನ್‌ಎಫ್‌ಟೇಬಲ್ಸ್. 2014ರಲ್ಲಿ 3.13 ಕರ್ನಲ್ಲಿಗೆ ಸೇರಿತು, 2019ರ ಡೆಬಿಯನ್ 10ರಿಂದ ಅಲ್ಲಿ ಅದೇ ಡೀಫಾಲ್ಟ್. ಹುಡುಕಿದರೆ ಸಿಗುವ ಹಳೇ ಪಾಠಗಳೆಲ್ಲ ಐಪಿಟೇಬಲ್ಸಿನವು. ಅರ್ಧ ಅದು, ಅರ್ಧ ಇದು ಅಂತ ಬೆರೆಸಬೇಡಿ.

ಬೆರೆಸಿದರೆ ಏನಾಗುತ್ತೆ? ಎನ್‌ಎಫ್‌ಟೇಬಲ್ಸಿನಲ್ಲಿ ಅಕ್ಸೆಪ್ಟ್ ಅಂದರೆ ಆ ಚೈನಿನ ಮಟ್ಟಿಗೆ ಮಾತ್ರ ಒಪ್ಪಿಗೆ (ಚೈನ್ ಅಂದರೆ ರೂಲುಗಳ ಸರಣಿ, ಟೇಬಲ್ ಅಂದರೆ ಚೈನುಗಳ ಗುಂಪು). ಅದೇ ಜಾಗದಲ್ಲಿ ಇನ್ನೊಂದು ಟೇಬಲಿನ ಚೈನ್ ಇದ್ದರೆ ಪ್ಯಾಕೆಟ್ ಅಲ್ಲಿಯೂ ಹಾಯಬೇಕು. ಡ್ರಾಪ್ ಅಂದರೆ ಮಾತ್ರ ಅಲ್ಲಿಗೇ ಮುಗಿಯಿತು. ರೌಟರಿನಲ್ಲಿ ಡಾಕರ್ (ಬೇರೆ ಪ್ರೋಗ್ರಾಮುಗಳನ್ನು ಪ್ರತ್ಯೇಕವಾಗಿಟ್ಟು ಓಡಿಸುವ ಪ್ರೋಗ್ರಾಮ್) ಹಾಕಿದವರಿಗೆ ಇದು ಚೆನ್ನಾಗಿ ತಾಗುತ್ತದೆ. ಅದು ತನ್ನದೇ ರೂಲುಗಳನ್ನು ತಂದು ಫಾರ್ವರ್ಡ್ ಚೈನಿನ ಪಾಲಿಸಿಯನ್ನು (ಯಾವ ರೂಲೂ ಹಿಡಿಯದಿದ್ದಾಗಿನ ತೀರ್ಮಾನವನ್ನು) ಡ್ರಾಪ್ ಮಾಡಿಬಿಡಬಹುದು. ನಿಮ್ಮ ಫೈಲ್ ಎಷ್ಟು ಓದಿದರೂ ಸರಿಯಾಗೇ ಕಾಣುತ್ತದೆ, ನೆಟ್ ಮಾತ್ರ ಇಲ್ಲ.

ರೂಲುಗಳಿಗೆ ಎಟ್ಸಿಯಲ್ಲಿರುವ ಎನ್‌ಎಫ್‌ಟೇಬಲ್ಸ್ ಡಾಟ್ ಕಾನ್ಫ್ ಫೈಲ್. ಮೊದಲ ಸಾಲು ‘ಫ್ಲಷ್ ರೂಲ್‌ಸೆಟ್’. ಇದನ್ನು ಮರೆತರೆ ಫೈಲ್ ಲೋಡ್ ಮಾಡಿದಾಗಲೆಲ್ಲ ಹಳೇ ರೂಲುಗಳ ಕೆಳಗೆ ಹೊಸವು ಸೇರುತ್ತ ಹೋಗುತ್ತವೆ. ನೀವು ಕೆಳಗೆ ಬದಲಿಸಿದ್ದು ಮೇಲಿನ ಹಳೇ ರೂಲಿನ ಎದುರು ನಡೆಯುವುದೇ ಇಲ್ಲ. ಆಮೇಲೆ ‘ಇನೆಟ್’ ಬಗೆಯ ಒಂದು ಟೇಬಲ್. ಅದು ಐಪಿವಿ4, ಐಪಿವಿ6 (ಹಳೇ, ಹೊಸ ಅಡ್ರೆಸ್ ಪದ್ಧತಿಗಳು) ಎರಡಕ್ಕೂ ಆಗುತ್ತದೆ. ಅದರೊಳಗೆ ಮೂರು ಚೈನ್.

ಇನ್‌ಪುಟ್ ಚೈನ್ ಅಂದರೆ ರೌಟರಿಗೇ ಬರುವ ಪ್ಯಾಕೆಟ್‌ಗಳದ್ದು. ಪಾಲಿಸಿ ಡ್ರಾಪ್. ಒಳಗೆ ‘ಸಿಟಿ ಸ್ಟೇಟ್ ಎಸ್ಟಾಬ್ಲಿಷ್ಡ್, ರಿಲೇಟೆಡ್ ಅಕ್ಸೆಪ್ಟ್’ (ಆಗಲೇ ಶುರುವಾದ ಸಂಪರ್ಕದವನ್ನು ಬಿಡು ಅಂತ) ಮೊದಲು, ಇನ್‌ವ್ಯಾಲಿಡ್ ಆದವಕ್ಕೆ ಡ್ರಾಪ್, ಲೂಪ್‌ಬ್ಯಾಕ್ ಅಂದರೆ ಎಲ್‌ಓಗೆ ಅಕ್ಸೆಪ್ಟ್. ಲ್ಯಾನ್0 ಕಡೆಯಿಂದ ಬರುವ ಎಸ್‌ಎಸ್‌ಎಚ್‌ಗೆ (ಬೇರೆ ಕಂಪ್ಯೂಟರಿನಿಂದ ಲಾಗಿನ್ ಆಗುವ ದಾರಿಗೆ) ಟಿಸಿಪಿ 22, ಡಿಎನ್‌ಎಸ್‌ಗೆ ಯುಡಿಪಿ 53 ಮತ್ತು ಟಿಸಿಪಿ 53, ಡಿಎಚ್‌ಸಿಪಿಗೆ ಯುಡಿಪಿ 67 ತೆರೆಯಿರಿ. ಪಿಂಗ್ ಎರಡೂ ಕಡೆಯಿಂದ ಬಿಡಿ. ಪಿಂಗ್ ಮುಚ್ಚಿದರೆ ಭದ್ರತೆ ಹೆಚ್ಚುತ್ತದೆ ಅನ್ನೋದು ಸುಮ್ನೆ ಮಾತು, ಕೆಟ್ಟಾಗ ಹುಡುಕೋಕೆ ದಾರಿ ಇಲ್ಲದಂತಾಗುತ್ತದೆ ಅಷ್ಟೆ.

ಫಾರ್ವರ್ಡ್ ಚೈನ್ ಅಂದರೆ ದಾಟಿ ಹೋಗುವವು. ಇಲ್ಲೂ ಪಾಲಿಸಿ ಡ್ರಾಪ್, ಇಲ್ಲೂ ಎಸ್ಟಾಬ್ಲಿಷ್ಡ್ ಸಾಲು ಮೊದಲು. ಅದರ ಕೆಳಗೆ ‘ಐಐಎಫ್‌ನೇಮ್ ಲ್ಯಾನ್0 ಓಐಎಫ್‌ನೇಮ್ ವ್ಯಾನ್0 ಅಕ್ಸೆಪ್ಟ್’. ಒಳಗಿನಿಂದ ಹೊರಗೆ ಹೋಗಬಹುದು, ಅದಕ್ಕೆ ಬಂದ ಉತ್ತರ ಒಳಗೆ ಬರಬಹುದು, ಬೇರೆ ಯಾರೂ ಬರುವಂತಿಲ್ಲ. ಇಡೀ ಫೈರ್‌ವಾಲಿನ ಜೀವ ಈ ಎರಡು ಸಾಲು.

ಮೂರನೆಯದು ಪೋಸ್ಟ್‌ರೂಟಿಂಗ್, ನ್ಯಾಟ್ ಬಗೆಯದು. ಒಂದೇ ಸಾಲು: ‘ಓಐಎಫ್‌ನೇಮ್ ವ್ಯಾನ್0 ಮಾಸ್ಕರೇಡ್’. ಬರೀ ‘ಐಐಎಫ್’, ‘ಓಐಎಫ್’ ಬದಲು ‘ನೇಮ್’ ಇರುವುದನ್ನೇ ಬಳಸಿ. ಬರೀ ‘ಓಐಎಫ್’ ಬರೆದರೆ ಫೈಲ್ ಲೋಡ್ ಆಗುವ ಹೊತ್ತಿಗೆ ಆ ಇಂಟರ್‌ಫೇಸ್ ಇರಲೇಬೇಕು. ಪಿಪಿಪಿ0 ಬೂಟ್ ಆದ ಎಷ್ಟೋ ಹೊತ್ತಿಗೆ ಹುಟ್ಟುತ್ತದೆ. ಅಷ್ಟರಲ್ಲಿ ಇಡೀ ಫೈಲ್ ಎರರ್ ಆಗಿ ಡಬ್ಬಿ ಕಾವಲಿಲ್ಲದೆ ನಿಂತಿರುತ್ತದೆ.

ಈಗ ಲೋಡ್ ಮಾಡುವುದು. ಇಲ್ಲಿ ನನ್ನದೊಂದು ಎಡವಟ್ಟು ಹೇಳಬೇಕು. ದೂರದಿಂದ ಎಸ್‌ಎಸ್‌ಎಚ್‌ನಲ್ಲಿ ಕೂತು ಹೊಸ ರೂಲ್ ಹಾಕಿದೆ. ಪರದೆ ಹಾಗೇ ಓಡುತ್ತಿತ್ತು. ಎಲ್ಲ ಸರಿ ಅಂದುಕೊಂಡು ಲಾಗ್‌ಔಟ್ ಆದೆ. ಮತ್ತೆ ಲಾಗಿನ್ ಆಗೋಕೆ ಹೋದರೆ ಬಾಗಿಲು ಬಂದ್. 22ರ ಸಾಲಿನಲ್ಲಿ ಲ್ಯಾನ್0 ಬದಲು ಲ್ಯಾನ್1 ಅಂತ ಬರೆದಿದ್ದೆ. ಹಳೇ ಸಂಪರ್ಕ ಎಸ್ಟಾಬ್ಲಿಷ್ಡ್ ಸಾಲಿನ ಪುಣ್ಯದಿಂದ ಬದುಕಿತ್ತು ಅಷ್ಟೆ. ಕೊನೆಗೆ ಮಾನಿಟರ್, ಕೀಬೋರ್ಡ್ ಹೊತ್ತುಕೊಂಡು ಹೋಗಬೇಕಾಯಿತು.

ಅವತ್ತಿನಿಂದ ನನ್ನ ಕ್ರಮ ಹೀಗೆ. ಮೊದಲು ‘ಎನ್‌ಎಫ್‌ಟಿ -ಸಿ -ಎಫ್’ ಕೊಟ್ಟು ಬರೀ ಪರೀಕ್ಷೆ. ಇದು ಕಾಗುಣಿತದ ತಪ್ಪು ಹಿಡಿಯುತ್ತದೆ, ಬುದ್ಧಿಯ ತಪ್ಪನ್ನಲ್ಲ. ಆಮೇಲೆ ಹಳೇ ಫೈಲಿನ ಒಂದು ಪ್ರತಿ ಇಟ್ಟು, 3 ನಿಮಿಷ ಬಿಟ್ಟು ಆ ಹಳೇ ಫೈಲನ್ನೇ ಮತ್ತೆ ಲೋಡ್ ಮಾಡುವಂತೆ ‘ಸಿಸ್ಟಮ್‌ಡಿ-ರನ್’ನಲ್ಲಿ ಟೈಮರ್ ಇಡುತ್ತೇನೆ. ಆಮೇಲೆ ಹೊಸದು ಲೋಡ್. ಈ ಕಿಟಕಿ ಮುಚ್ಚದೆ ಇನ್ನೊಂದು ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗಿ ನೋಡುತ್ತೇನೆ. ಲಾಗಿನ್ ಆದರೆ ಟೈಮರ್ ನಿಲ್ಲಿಸುತ್ತೇನೆ. ಆಗದಿದ್ದರೆ 3 ನಿಮಿಷ ಕಾಯುತ್ತೇನೆ. ಕೊನೆಗೆ ‘ಸಿಸ್ಟಮ್‌ಸಿಟಿಎಲ್ ಎನೇಬಲ್ ಎನ್‌ಎಫ್‌ಟೇಬಲ್ಸ್’. ಇಲ್ಲದಿದ್ದರೆ ರೀಬೂಟ್ ಆದ ಮೇಲೆ ರೂಲುಗಳೇ ಇರುವುದಿಲ್ಲ.

ದಾಟಿಸುವುದು

ಇದು ಒಂದೇ ಸಾಲು. ಎಟ್ಸಿ ಸಿಸ್‌ಸಿಟಿಎಲ್ ಡಾಟ್ ಡಿ ಫೋಲ್ಡರಿನ ಒಂದು ಫೈಲಿನಲ್ಲಿ ‘ನೆಟ್.ಐಪಿವಿ4.ಐಪಿ_ಫಾರ್ವರ್ಡ್=1’ ಅಂತ ಬರೆದು ‘ಸಿಸ್‌ಸಿಟಿಎಲ್ --ಸಿಸ್ಟಮ್’ ಹೊಡೆಯಿರಿ. ಕಮಾಂಡಿನಲ್ಲಿ ಮಾತ್ರ ಆನ್ ಮಾಡಿ ಫೈಲಿನಲ್ಲಿ ಬರೆಯದೆ ಬಿಟ್ಟರೆ ಮುಂದಿನ ರೀಬೂಟಿನವರೆಗೆ ಮಾತ್ರ ಆಯುಷ್ಯ.

ಈಗ ಲ್ಯಾಪ್‌ಟಾಪಿನಲ್ಲಿ ನೆಟ್ ಬರಬೇಕು. ಬರಲಿಲ್ಲವಾ? ಗಾಬರಿ ಬೇಡ.

ಎಲ್ಲಿ ನಿಂತಿತು?

ನಾಲ್ಕು ಪಿಂಗ್‌ನಲ್ಲಿ ಅರ್ಧ ಉತ್ತರ ಸಿಗುತ್ತದೆ. ಲ್ಯಾಪ್‌ಟಾಪಿನಿಂದ 192.168.50.1ಕ್ಕೆ. ರೌಟರಿನಿಂದ 9.9.9.9ಕ್ಕೆ. ಲ್ಯಾಪ್‌ಟಾಪಿನಿಂದ 9.9.9.9ಕ್ಕೆ. ಕೊನೆಗೆ ಲ್ಯಾಪ್‌ಟಾಪಿನಿಂದ ಯಾವುದಾದರೂ ಸೈಟಿನ ಹೆಸರಿಗೆ. ಮೊದಲನೆಯದೇ ಸೋತರೆ ಕೇಬಲ್ ಅಥವಾ ಅಡ್ರೆಸ್. ಎರಡನೆಯದು ಸೋತರೆ ಹೊರಗಿನ ಲೈನ್. ಮೊದಲೆರಡು ಗೆದ್ದು ಮೂರನೆಯದು ಸೋತರೆ ದಾಟಿಸುವುದರಲ್ಲೋ ಕಾವಲಿನಲ್ಲೋ ತಪ್ಪಿದೆ. ನಾಲ್ಕನೆಯದು ಮಾತ್ರ ಸೋತರೆ ಡಿಎನ್‌ಎಸ್. ‘ನೆಟ್ ಇಲ್ಲ’ ಅಂತ ಕೂಗುವವರಲ್ಲಿ ಎಷ್ಟೋ ಜನಕ್ಕೆ ನೆಟ್ ಇರುತ್ತದೆ, ಹೆಸರು ಹೇಳುವವರು ಇರುವುದಿಲ್ಲ ಅಷ್ಟೆ.

ಮೂರನೆಯದು ಸೋತಾಗ ಊಹೆ ಮಾಡಬೇಡಿ, ಹಾಯುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಚ್ಚಿ ಕಣ್ಣಾರೆ ನೋಡಿ. ಪಿಂಗ್ ಹೋಗುವುದು ಐಸಿಎಂಪಿ ಅನ್ನುವ ಬಗೆಯ ಪ್ಯಾಕೆಟ್ಟಿನಲ್ಲಿ. ರೌಟರಿನಲ್ಲಿ ಎರಡು ಕಿಟಕಿ ತೆರೆಯಿರಿ. ಒಂದರಲ್ಲಿ ‘ಟಿಸಿಪಿಡಂಪ್ -ಎನ್ -ಐ ಲ್ಯಾನ್0 ಐಸಿಎಂಪಿ’, ಇನ್ನೊಂದರಲ್ಲಿ ಅದೇ ಕಮಾಂಡ್ ವ್ಯಾನ್0ಗೆ. ‘-ಎನ್’ ಬಿಡಬೇಡಿ. ಬಿಟ್ಟರೆ ಅದು ಪ್ರತಿ ಅಡ್ರೆಸ್ಸಿನ ಹೆಸರು ಕೇಳೋಕೆ ಹೋಗಿ, ಡಿಎನ್‌ಎಸ್ ಕೆಟ್ಟಿದ್ದರೆ ತಾನೂ ತಡವರಿಸುತ್ತದೆ. ಈಗ ಲ್ಯಾಪ್‌ಟಾಪಿನಿಂದ 9.9.9.9ಕ್ಕೆ ಪಿಂಗ್ ಹಾಕಿ. ಲ್ಯಾಪ್‌ಟಾಪಿನ ಅಡ್ರೆಸ್ 192.168.50.113 ಅಂತ ಇಟ್ಟುಕೊಳ್ಳೋಣ.

ಲ್ಯಾನ್0 ಕಿಟಕಿಯಲ್ಲಿ ಏನೂ ಕಾಣದಿದ್ದರೆ ಪ್ಯಾಕೆಟ್ ರೌಟರಿಗೇ ಬಂದಿಲ್ಲ. ಲ್ಯಾಪ್‌ಟಾಪಿನ ಗೇಟ್‌ವೇ ನೋಡಿ. ಲ್ಯಾನ್0ನಲ್ಲಿ ಕಂಡು ವ್ಯಾನ್0ನಲ್ಲಿ ಕಾಣದಿದ್ದರೆ ಒಳಗೆ ಬಂದದ್ದು ದಾಟಿಲ್ಲ. ಐಪಿ_ಫಾರ್ವರ್ಡ್ 1 ಇದೆಯಾ, ಫಾರ್ವರ್ಡ್ ಚೈನ್ ಬಿಟ್ಟಿದೆಯಾ ನೋಡಿ. ವ್ಯಾನ್0ನಲ್ಲಿ ಕಂಡರೂ ಕಳಿಸಿದವರ ಜಾಗದಲ್ಲಿ 192.168.50.113 ಅಂತಲೇ ಇದ್ದರೆ ಮಾಸ್ಕರೇಡ್ ತಾಗಿಲ್ಲ. ಆ ಪ್ಯಾಕೆಟ್ ಹೊರಗೆ ಹೋದರೂ ಅದಕ್ಕೆ ಉತ್ತರ ಬರಲ್ಲ. ರೌಟರಿನ ಹೊರಗಿನ ಅಡ್ರೆಸ್ಸೇ ಇದ್ದು ಉತ್ತರ ಮಾತ್ರ ಬರದಿದ್ದರೆ ತಪ್ಪು ನಮ್ಮದಲ್ಲ, ಮುಂದಿನವರದ್ದು. ವ್ಯಾನ್0ನಲ್ಲಿ ಉತ್ತರ ಬಂದೂ ಲ್ಯಾನ್0ಗೆ ಇಳಿಯದಿದ್ದರೆ ಫಾರ್ವರ್ಡ್ ಚೈನಿನಲ್ಲಿ ಎಸ್ಟಾಬ್ಲಿಷ್ಡ್ ಸಾಲು ಇಲ್ಲ, ಅಥವಾ ತಪ್ಪಾದ ಜಾಗದಲ್ಲಿದೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಒಳಬರುವ ಪ್ಯಾಕೆಟ್ಟನ್ನು ಟಿಸಿಪಿಡಂಪ್ ಫೈರ್‌ವಾಲಿಗಿಂತ ಮೊದಲೇ ನೋಡುತ್ತದೆ. ಹೊರಹೋಗುವುದನ್ನು ಫೈರ್‌ವಾಲ್ ಆದ ಮೇಲೆ ನೋಡುತ್ತದೆ. ಹಾಗಾಗಿ ಲ್ಯಾನ್0ನಲ್ಲಿ ಕಂಡಿತು ಅಂದರೆ ಬಂತು ಅಂತ ಮಾತ್ರ ಅರ್ಥ, ಒಳಗೆ ಬಿಟ್ಟರು ಅಂತಲ್ಲ.

ಇನ್ನೊಂದು ಬಲೆ. ಪಿಂಗ್ ಓಡುತ್ತಿರುವಾಗಲೇ ಮರೆತಿದ್ದ ಮಾಸ್ಕರೇಡ್ ಸಾಲು ಸೇರಿಸುತ್ತೀರಿ. ಏನೂ ಬದಲಾಗಲ್ಲ. ರೂಲ್ ತಪ್ಪು ಅಂದುಕೊಂಡು ಮತ್ತೆ ತಿದ್ದುತ್ತೀರಿ. ನಿಜವಾಗಿ ರೂಲ್ ಸರಿಯಾಗೇ ಇದೆ. ನ್ಯಾಟ್ ರೂಲನ್ನು ಕರ್ನಲ್ ನೋಡುವುದು ಸಂಪರ್ಕದ ಮೊದಲ ಪ್ಯಾಕೆಟ್ಟಿಗೆ ಮಾತ್ರ. ಆಮೇಲೆ ಸಂಪರ್ಕಗಳ ಲೆಕ್ಕ ಇಡುವ ಕಾನ್‌ಟ್ರ್ಯಾಕ್ ಪುಸ್ತಕದಲ್ಲಿ ಬರೆದಿಟ್ಟ ಹಾಗೇ ನಡೆಯುತ್ತದೆ. ಓಡುತ್ತಿರುವ ಪಿಂಗ್ ಆ ಹಳೇ ಸಾಲನ್ನು ಜೀವಂತ ಇಟ್ಟಿರುತ್ತದೆ. ಪಿಂಗ್ ನಿಲ್ಲಿಸಿ ಹೊಸದಾಗಿ ಹಾಕಿ, ಇಲ್ಲವೇ ‘ಕಾನ್‌ಟ್ರ್ಯಾಕ್ -ಎಫ್’ ಹೊಡೆದು ಪುಸ್ತಕ ಖಾಲಿ ಮಾಡಿ. ತಡೆಯುವ ರೂಲ್ ಹಾಕಿದಾಗಲೂ ಇದೇ ಕಥೆ: ಆಗಲೇ ಶುರುವಾದ ಸಂಪರ್ಕ ಮುಂದುವರಿಯುತ್ತಲೇ ಇರುತ್ತದೆ.

ಯಾವ ರೂಲ್ ಹಿಡಿಯಿತು ಅಂತ ತಿಳಿಯಬೇಕಾದರೆ ರೂಲಿನಲ್ಲಿ ‘ಕೌಂಟರ್’ ಅಂತ ಸೇರಿಸಿ. ಎನ್‌ಎಫ್‌ಟೇಬಲ್ಸ್ ತಾನಾಗಿ ಎಣಿಸಲ್ಲ. ‘ಎನ್‌ಎಫ್‌ಟಿ ಲಿಸ್ಟ್ ರೂಲ್‌ಸೆಟ್’ ಹೊಡೆದಾಗಲೆಲ್ಲ ಯಾವ ಸಾಲಿನ ಎಣಿಕೆ ಏರುತ್ತಿದೆ ನೋಡಿ. ಅದೂ ಸಾಲದಿದ್ದರೆ ಲ್ಯಾಪ್‌ಟಾಪಿನ ಅಡ್ರೆಸ್ಸಿಗೆ ‘ಮೆಟಾ ಎನ್‌ಎಫ್‌ಟ್ರೇಸ್ ಸೆಟ್ 1’ ರೂಲ್ ಬರೆದು ‘ಎನ್‌ಎಫ್‌ಟಿ ಮಾನಿಟರ್ ಟ್ರೇಸ್’ ಹಚ್ಚಿ. ಒಂದು ಪ್ಯಾಕೆಟ್ ಯಾವ ಯಾವ ಸಾಲು ಹಾಯ್ದು ಎಲ್ಲಿ ಸತ್ತಿತು ಅಂತ ಪೂರ್ತಿ ಜಾತಕ ಬರುತ್ತದೆ. ಕೆಲಸ ಆದ ಮೇಲೆ ಆ ರೂಲ್ ತೆಗೆಯಿರಿ.

ನೆಟ್ ಇದೆ, ಆದರೆ

ನಿಧಾನ ಅನ್ನಿಸಿದರೆ ಮೊದಲು ‘ಎಥ್‌ಟೂಲ್ ಲ್ಯಾನ್0’ ಹೊಡೆದು ಸ್ಪೀಡ್ ಸಾಲು ನೋಡಿ. ಮೊದಲು ಹೇಳಿದ ಎರಡು ಸಂಜೆಯ ಕಥೆ ಇದೇ. ಗಿಗಾಬಿಟ್ ಪೋರ್ಟು, ಗಿಗಾಬಿಟ್ ಕೇಬಲ್ಲು, ಆದರೆ ವೇಗ 95 ಮೆಗಾಬಿಟ್ ದಾಟುತ್ತಿರಲಿಲ್ಲ. ರೂಲುಗಳನ್ನೆಲ್ಲ ಕಿತ್ತು ಹಾಕಿ ನೋಡಿದೆ. ಕರ್ನಲ್ ಬದಲಿಸಿದೆ. ಸ್ಪೀಡ್ ಸಾಲಿನಲ್ಲಿ 100 ಅಂತ ಮೊದಲಿನಿಂದಲೂ ಬರೆದಿತ್ತು, ನಾನು ನೋಡಿರಲಿಲ್ಲ. ಕೇಬಲ್ಲಿನ ತುದಿಯ ಪಾರದರ್ಶಕ ಪ್ಲಗ್ಗನ್ನು ಬೆಳಕಿಗೆ ಹಿಡಿದರೆ, ಎಂಟು ತಂತಿಗಳಲ್ಲಿ ಕಂದು ಬಣ್ಣದ್ದು ಪಿನ್ನಿಗೆ ಮುಟ್ಟದೆ ಒಂದು ಕೂದಲೆಳೆ ಹಿಂದೆ ನಿಂತಿತ್ತು. 100 ಮೆಗಾಬಿಟ್ಟಿಗೆ ಎರಡು ಜೋಡಿ ತಂತಿ ಸಾಕು. ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು. ಒಂದು ತಂತಿ ಕೈಕೊಟ್ಟರೆ ಪೋರ್ಟ್ ಜಗಳ ಆಡದೆ ಸುಮ್ಮನೆ ಕೆಳಗಿಳಿಯುತ್ತದೆ.

ಕೆಲವು ಸೈಟ್ ಮಾತ್ರ ತೆರೆಯುತ್ತಿಲ್ಲ, ಉಳಿದವು ಚೆನ್ನಾಗಿವೆ. ಇದು ಪಿಪಿಪಿಒಇ ಲೈನಿನ ಹಳೇ ರೋಗ. ಸಾಮಾನ್ಯ ಪ್ಯಾಕೆಟ್ಟಿನ ಗರಿಷ್ಠ ಗಾತ್ರ 1500 ಬೈಟ್. ಪಿಪಿಪಿಒಇ ತನ್ನ ಪಾಲಿಗೆ 8 ಬೈಟ್ ತೆಗೆದುಕೊಳ್ಳುತ್ತದೆ, ಉಳಿಯುವುದು 1492. ದೊಡ್ಡ ಪ್ಯಾಕೆಟ್ ದಾರಿಯಲ್ಲಿ ತಡೆದಾಗ ‘ಚಿಕ್ಕದು ಮಾಡು’ ಅಂತ ಐಸಿಎಂಪಿ ಸಂದೇಶ ವಾಪಸ್ ಹೋಗಬೇಕು. ಎಲ್ಲೋ ಯಾರೋ ಐಸಿಎಂಪಿ ಮುಚ್ಚಿದ್ದರೆ ಆ ಸಂದೇಶ ತಲುಪಲ್ಲ, ಪುಟ ಸುತ್ತುತ್ತಲೇ ಇರುತ್ತದೆ. ಪರೀಕ್ಷೆ ಹೀಗೆ: ‘ಪಿಂಗ್ -ಎಂ ಡು -ಎಸ್ 1464’ ಹೋಗಿ, 1465 ಹೋಗದಿದ್ದರೆ ಮಿತಿ 1492 ಅಂತ ಖಾತ್ರಿ. ಹೆಡರಿನ 28 ಬೈಟ್ ಸೇರಿಸಿ ಲೆಕ್ಕ ಹಾಕಿ. ಪರಿಹಾರ ಫಾರ್ವರ್ಡ್ ಚೈನಿನ ಮೇಲ್ತುದಿಯಲ್ಲಿ ಒಂದು ಸಾಲು: ‘ಟಿಸಿಪಿ ಫ್ಲ್ಯಾಗ್ಸ್ ಸಿನ್ ಟಿಸಿಪಿ ಆಪ್ಷನ್ ಮ್ಯಾಕ್ಸ್‌ಸೆಗ್ ಸೈಜ್ ಸೆಟ್ ಆರ್‌ಟಿ ಎಂಟಿಯು’. ಎಸ್ಟಾಬ್ಲಿಷ್ಡ್ ಸಾಲಿಗಿಂತ ಮೇಲೆ ಇರಲಿ, ಇಲ್ಲದಿದ್ದರೆ ವಾಪಸ್ ಬರುವ ಪ್ಯಾಕೆಟ್ಟಿಗೆ ತಾಗಲ್ಲ.

ಯಾರೋ ದೊಡ್ಡ ಫೈಲ್ ಅಪ್‌ಲೋಡ್ ಮಾಡಿದಾಗ ಎಲ್ಲರ ವಿಡಿಯೊ ಕಾಲ್ ಒಡೆಯುತ್ತದೆ ಅಂದರೆ ಮೋಡೆಮಿನ ಬಫರಿನಲ್ಲಿ (ಪ್ಯಾಕೆಟ್ ಕಾಯುವ ಜಾಗದಲ್ಲಿ) ಸಾಲು ಬೆಳೆದಿದೆ. 2018ರ 4.19 ಕರ್ನಲ್ಲಿನಿಂದ ‘ಕೇಕ್’ ಅನ್ನುವ ಸಾಲು ನಿರ್ವಾಹಕ ಲಿನಕ್ಸಿನಲ್ಲೇ ಇದೆ. ‘ಟಿಸಿ’ ಕಮಾಂಡಿನಲ್ಲಿ ವ್ಯಾನ್0ಗೆ ಅದನ್ನು ಹಚ್ಚಿ, ನಿಜವಾದ ಅಪ್‌ಲೋಡ್ ವೇಗಕ್ಕಿಂತ ಸ್ವಲ್ಪ ಕಡಿಮೆ ಕೊಡಿ. ಸಾಲು ಆಗ ಮೋಡೆಮಿನ ಬದಲು ನಮ್ಮ ಕೈಯಲ್ಲಿ ಇರುತ್ತದೆ.

ಪೋರ್ಟ್ ಫಾರ್ವರ್ಡ್ ಕೆಲಸ ಮಾಡುತ್ತಿಲ್ಲ ಅನ್ನುವವರು ಮೊದಲು ಮೊಬೈಲಿನ ವೈಫೈ ಆಫ್ ಮಾಡಿ ಡೇಟಾದಲ್ಲಿ ನೋಡಿ. ಒಳಗೆ ಕೂತು ಹೊರಗಿನ ಅಡ್ರೆಸ್ಸಿಗೆ ಬಡಿದರೆ ಬಾಗಿಲು ತೆರೆಯಲ್ಲ, ಅದಕ್ಕೆ ಬೇರೆ ನ್ಯಾಟ್ ರೂಲ್ ಬೇಕು. ಹೊರಗಿನಿಂದಲೂ ಆಗದಿದ್ದರೆ, ಪ್ರಿರೂಟಿಂಗ್‌ನಲ್ಲಿ ಡಿನ್ಯಾಟ್ (ತಲುಪಬೇಕಾದ ಅಡ್ರೆಸ್ ಬದಲಿಸುವ ರೂಲ್) ಬರೆದು ಫಾರ್ವರ್ಡ್ ಚೈನ್ ಮರೆತಿರುತ್ತೀರಿ. ಅಲ್ಲಿ ‘ಸಿಟಿ ಸ್ಟೇಟಸ್ ಡಿನ್ಯಾಟ್ ಅಕ್ಸೆಪ್ಟ್’ ಸೇರಿಸಿ.

ಐಪಿವಿ6 ಇರುವವರಿಗೆ ಎರಡು ಮಾತು. ಅಲ್ಲಿ ನ್ಯಾಟ್ ಇರಲ್ಲ, ಒಳಗಿನ ಪ್ರತಿ ಉಪಕರಣಕ್ಕೂ ಹೊರಗಿನ ಅಡ್ರೆಸ್ಸೇ ಇರುತ್ತದೆ. ಫಾರ್ವರ್ಡ್ ಚೈನಿನ ಡ್ರಾಪ್ ಪಾಲಿಸಿ ಒಂದೇ ಗೋಡೆ. ಐಸಿಎಂಪಿವಿ6 ಮುಚ್ಚಿದರೆ ಪಕ್ಕದವರ ಅಡ್ರೆಸ್ ಹುಡುಕುವುದೇ ನಿಂತುಹೋಗುತ್ತದೆ, ಅದಕ್ಕೆ ದಾರಿ ಬಿಡಿ. ವ್ಯಾನ್ ಕಡೆ ಯುಡಿಪಿ 546 ತೆರೆಯಿರಿ, ಇಲ್ಲದಿದ್ದರೆ ಡಿಎಚ್‌ಸಿಪಿವಿ6 ಉತ್ತರ ಬಾಗಿಲಲ್ಲೇ ಸಾಯುತ್ತದೆ. ಐಪಿವಿ6 ಫಾರ್ವರ್ಡಿಂಗ್ ಆನ್ ಮಾಡಿದ ತಕ್ಷಣ ಡೀಫಾಲ್ಟ್ ದಾರಿ ಮಾಯವಾದರೆ ವ್ಯಾನ್0ಗೆ ‘ಅಕ್ಸೆಪ್ಟ್_ಆರ್‌ಎ’ 2 ಮಾಡಿ. 1 ಇದ್ದರೆ, ನೀನೇ ರೌಟರ್ ಅಲ್ವಾ, ನಿನಗೆ ಯಾಕೆ ದಾರಿ ಹೇಳಬೇಕು ಅಂತ ಕರ್ನಲ್ ಕಿವಿ ಮುಚ್ಚಿಕೊಳ್ಳುತ್ತದೆ.

ಬ್ಯಾಟರಿ ಗಡಿಯಾರ ಇಲ್ಲದ ಸಣ್ಣ ಬೋರ್ಡುಗಳಲ್ಲಿ ಇನ್ನೊಂದು ವಿಚಿತ್ರ. ಕರೆಂಟ್ ಹೋಗಿ ಬಂದರೆ ಗಡಿಯಾರ ಹಿಂದೆ ಬಿದ್ದಿರುತ್ತದೆ. ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರಗಳ ಸಹಿ ಪರೀಕ್ಷೆ) ಹಚ್ಚಿದ್ದರೆ ಸಹಿಗಳ ದಿನಾಂಕ ಹೊಂದದೆ ಹೆಸರುಗಳು ಸಿಗಲ್ಲ. ಟೈಮ್ ಸರ್ವರನ್ನು ಹೆಸರಿನಿಂದ ಕೊಟ್ಟಿದ್ದರೆ ಅದೂ ಸಿಗಲ್ಲ, ಹಾಗಾಗಿ ಗಡಿಯಾರವೂ ಸರಿಹೋಗಲ್ಲ. ಒಂದಾದರೂ ಟೈಮ್ ಸರ್ವರನ್ನು ಐಪಿ ಅಡ್ರೆಸ್ಸಿನಲ್ಲೇ ಕೊಟ್ಟಿಡಿ.

ಕರೆಂಟ್ ಕಿತ್ತು ನೋಡಿ

ಎಲ್ಲ ಓಡುತ್ತಿರುವಾಗ ಡಾಟ್ ಲಿಂಕ್ ಫೈಲುಗಳು, ನೆಟ್‌ವರ್ಕ್ ಫೈಲುಗಳು, ಡಿಎನ್‌ಎಸ್‌ಮಾಸ್ಕ್, ಎನ್‌ಎಫ್‌ಟೇಬಲ್ಸ್, ಸಿಸ್‌ಸಿಟಿಎಲ್ ಇವನ್ನು ಬೇರೆ ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ. ಆಮೇಲೆ ‘ಸಿಂಕ್’ ಹೊಡೆದು, ಡಬ್ಬಿಯ ಪವರ್ ಕಿತ್ತು ಮತ್ತೆ ಹಾಕಿ. ಕೀಬೋರ್ಡ್ ಮುಟ್ಟಬೇಡಿ. ಎರಡು ನಿಮಿಷ ಬಿಟ್ಟು ಅದೇ ನಾಲ್ಕು ಪಿಂಗ್. ನಾಲ್ಕೂ ಗೆದ್ದರೆ ಮೊಬೈಲ್ ಡೇಟಾದ ಕಡೆಯಿಂದ ರೌಟರಿನ ಹೊರಗಿನ ಅಡ್ರೆಸ್ಸಿಗೆ ಒಂದು ಎನ್‌ಮ್ಯಾಪ್ (ತೆರೆದ ಪೋರ್ಟ್ ಹುಡುಕುವ ಪ್ರೋಗ್ರಾಮ್) ಓಡಿಸಿ. 22, 53 ತೆರೆದಿವೆ ಅಂತ ಬಂದರೆ ಇನ್‌ಪುಟ್ ಚೈನಿಗೆ ವಾಪಸ್ ಹೋಗಿ, ಆ ಸಾಲುಗಳಲ್ಲಿ ಲ್ಯಾನ್0 ಅಂತ ಬರೆಯೋದು ಬಿಟ್ಟುಹೋಗಿರುತ್ತದೆ.